ಬಿಂದುವಿನ ಜವಳ

ಚನ್ನಗಿರಿಯಲ್ಲಿ ನಾನಿರುವ ಬಾಡಿಗೆ ಕೋಣೆಯ ಕೆಳಗೆ ಒಂದು ಕಟಿಂಗ್ ಶಾಪ್ ಇದೆ. ಬೆಳಿಗ್ಗೆ ಅಲ್ಲಿ ಟ್ರಿಮ್ಮರ್ ಗುಂಯ್ ಎಂದಿತೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಓದುತ್ತಿದ್ದ ಪುಟ ಬಿಟ್ಟು ಕಿಟಕಿಯ ಬಳಿ ಹೋಗುತ್ತೇನೆ, ಸುಮ್ಮನೆ ವಾಪಸ್ಸು ಬರುತ್ತೇನೆ, ಮತ್ತೆ ಹೋಗುತ್ತೇನೆ. ಆ ಸದ್ದಿಗೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದವಳು ನಾನಲ್ಲ, ನನ್ನ ಅಕ್ಕನ ಮಗಳು ಬಿಂದು. ಹೆದರಿಕೆ ಅವಳದು; ಚಡಪಡಿಕೆ ಮಾತ್ರ ನನಗೆ ಅಂಟಿಕೊಂಡಿದೆ.

ನ್ಯಾಮತಿಯಲ್ಲಿರುವ ಅಕ್ಕನ ಮನೆಯವರು ಮಕ್ಕಳ ಮೊದಲ ಕೂದಲನ್ನು ಹೊನ್ನಾಳಿ ಕಡೆಯ ಹೊಳೆದಂಡೆಯಲ್ಲಿರುವ ಮನೆದೇವರಿಗೆ ಕೊಡುತ್ತಾರೆ. ಅದೇ ಜವಳ. ಸೋದರಮಾವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕುಚ್ಚು ಕತ್ತರಿಸಬೇಕು. ಉಳಿದದ್ದನ್ನು ಕ್ಷೌರಿಕರು ಬೋಳಿಸುತ್ತಾರೆ. ಬಿಂದುವಿನ ಮೂರನೇ ವರ್ಷದಲ್ಲಿ ಇದಕ್ಕೆ ಹೋದಾಗ ಒಬ್ಬರು ಕೈ, ಒಬ್ಬರು ಕಾಲು ಹಿಡಿದಿದ್ದರು. ಅವಳು ಉಸಿರು ಕಟ್ಟುವಂತೆ ಅತ್ತಳು. ಕೊನೆಗೆ ಕತ್ತರಿಯನ್ನೇ ತಾಗಿಸಲಾಗದೆ ಎಲ್ಲರೂ ಹಿಂದಿರುಗಿದರು. ಹಿಡಿದವರಲ್ಲಿ ಅಕ್ಕನೂ ಇದ್ದಳು. ಅಂದಿನಿಂದ ಅಕ್ಕನ ಕೈ ತಲೆಯ ಹತ್ತಿರ ಬಂದರೆ ಸಾಕು, ಬಿಂದು ಗೋಡೆಗೆ ಅಂಟಿ ನಿಲ್ಲುತ್ತಿದ್ದಳು. ಅವಳಿಗೆ ನಿದ್ದೆ ಬಂದ ಮೇಲೆಯೇ ಅಕ್ಕ ಕೂದಲ ಸಿಕ್ಕು ಬಿಡಿಸುತ್ತಿದ್ದಳು.

ಆಮೇಲೆ ದಾವಣಗೆರೆಯ ವೈದ್ಯರು ಆಟಿಸಂ ಎಂದರು. ಅಕ್ಕನ ಅತ್ತೆ, ಅಂದರೆ ಬಿಂದುವಿನ ಅಜ್ಜಿ, ಎಲ್ಲವನ್ನೂ ಕೇಳಿಸಿಕೊಂಡು, "ಅದೆಲ್ಲಾ ಇರ್ಲಿ. ಜವಳ ಆಗ್ದೆ ಕೂಸಿಗೆ ಮಾತು ಹೆಂಗೆ ಬರ್ತಾವೆ?" ಎಂದರು. ಸಮವರ್ಷದಲ್ಲಿ ಜವಳ ತೆಗೆಯುವಂತಿಲ್ಲ, ಐದಕ್ಕಂತೂ ತಪ್ಪಿಸುವಂತಿಲ್ಲ ಎಂಬುದು ಅವರ ತೀರ್ಮಾನ. ಅಕ್ಕ ಎದುರು ಮಾತಾಡುವವಳಲ್ಲ. ಅವತ್ತು ಮಾತ್ರ, "ಆಯ್ತು ಅತ್ತೆ, ಮಾಡಾನ. ಆದ್ರೆ ಈ ಸಲ ಯಾರೂ ಅವಳ್ನ ಅಮುಕಿ ಹಿಡಿಯಂಗಿಲ್ಲ" ಎಂದಳು.

ಹೊನ್ನಾಳಿಗೆ ವಾರಕ್ಕೊಮ್ಮೆ ಬರುತ್ತಿದ್ದ ಥೆರಪಿ ಮೇಡಂ ಹೇಳಿಕೊಟ್ಟ ದಾರಿ ಸರಳವಾಗಿತ್ತು: "ಹೆದ್ರಿಕೆ ಆಗೋದನ್ನೇ ಮನೇಲಿ ಆಟ ಮಾಡ್ರಿ. ಎಲ್ರೂ ಆಡ್ರಿ. ಅವಳು ಕೈ ತಳ್ಳಿದ್ಲು ಅಂದ್ರೆ ಆಟ ಮುಗೀತು. ಇನ್ನೊಂಚೂರು ಅನ್ನಬ್ಯಾಡ್ರಿ."

ಹೀಗೆ ಅಕ್ಕನ ಮನೆಯ ಪಡಸಾಲೆ ಕಟಿಂಗ್ ಶಾಪ್ ಆಯಿತು. ಕತ್ತರಿಸುವವಳು ಬಿಂದು, ಗಿರಾಕಿಗಳು ನಾವು. ಟ್ರಿಮ್ಮರ್ ಬದಲಿಗೆ ನಡುಗುವ ಮೊಬೈಲು: ಮೊದಲು ಪಕ್ಕದ ಕೋಣೆಯಲ್ಲಿ, ಆಮೇಲೆ ಅಜ್ಜಿಯ ಮಡಿಲಲ್ಲಿ, ಎಷ್ಟೋ ವಾರಗಳ ನಂತರ ನನ್ನ ಕತ್ತಿನ ಮೇಲೆ. ಜವಳವೆಂದರೆ ಅಷ್ಟು ಗಂಭೀರವಾಗಿರುತ್ತಿದ್ದ ಅಜ್ಜಿಯೇ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದರು. ಹೆಗಲಿಗೆ ಟವೆಲ್ ಹೊದ್ದು, "ಹಿಂದಕ್ಕೆ ಸಣ್ಣಗೆ ಬಿಡವ್ವಾ, ನಾಳೆ ಮದುವಿಗೆ ಹೋಗಾದೈತೆ" ಎನ್ನುತ್ತಿದ್ದರು. ಬಿಂದು ನಗುತ್ತಿರಲಿಲ್ಲ. ಟವೆಲಿನ ಅಂಚನ್ನು ಎಳೆದು ಸರಿಮಾಡುತ್ತಿದ್ದಳು.

ನನಗೆ ಆಟ ಬರುವುದಿಲ್ಲ ಎಂದು ತಿಳಿದದ್ದು ಆಗಲೇ. ಶನಿವಾರ ಕಾಲೇಜಿನ ಪಾಠ ಮುಗಿಸಿ, ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಹೋದವಳು ಅಲ್ಲೂ ಪಾಠವನ್ನೇ ಮುಂದುವರಿಸುತ್ತಿದ್ದೆ: ಈಗ ಬಾಚಣಿಗೆ, ಈಗ ಕತ್ತರಿ. "ಪರೀಕ್ಷೆ ತಗೊಳ್ಳಾಕೆ ಬಂದೀಯೇನೆ? ಸುಮ್ನೆ ಕೂತ್ಕೊ" ಎಂದು ಅಕ್ಕ ಗದರುತ್ತಿದ್ದಳು. ಸುಮ್ಮನೆ ಕೂರುವುದು ಎಷ್ಟು ಕಷ್ಟವೆಂದು ನೀವೂ ಒಮ್ಮೆ ಪ್ರಯತ್ನಿಸಿ ನೋಡಿ. ಮೊಂಡು ಎಂದು ನಂಬಿ ಕೊಟ್ಟ ಕತ್ತರಿ ಒಂದು ದಿನ ನನ್ನ ಹಣೆಯ ಮೇಲಿನ ಕೂದಲನ್ನು ತೆಗೆದೇಬಿಟ್ಟಿತು. ಸೋಮವಾರ ಮುಂದಿನ ಬೆಂಚಿನ ಹುಡುಗಿ, "ಹೊಸ ಸ್ಟೈಲಾ ಮಿಸ್?" ಎಂದಳು. ಹೌದು ಎಂದೆ.

ನಮ್ಮ ಅಣ್ಣ ಮಾತ್ರ ಆಟಕ್ಕೆ ಸೇರಲಿಲ್ಲ. ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಕುರಿ ಸಾಕಿಕೊಂಡಿರುವವನು. ಫೋನಿನಲ್ಲೇ ನಗುತ್ತಿದ್ದ: "ಪ್ರತಿ ವರ್ಷ ಅಷ್ಟು ಕುರಿ ಉಣ್ಣೆ ಕತ್ತರಿಸ್ತೀನಿ. ಒಂದು ಕೂಸಿನ ತಲೆಗೆ ಇಷ್ಟು ನಾಟ್ಕ ಬೇಕೇನೇ ಟೀಚರಮ್ಮ?" ಆದರೆ ಸೋದರಮಾವ ಅವನೇ. ತೊಡೆ ಅವನದೇ ಆಗಬೇಕು.

ಜವಳದ ದಿನ ಹೊಳೆದಂಡೆಯಲ್ಲಿ ಬಿಂದು ಅವನ ತೊಡೆಯ ಮೇಲೆ ಕೂತಳು. ಟವೆಲ್ ಹೊದಿಸಿಕೊಂಡಳು. ಅಣ್ಣ ಮೊದಲ ಕುಚ್ಚು ಕತ್ತರಿಸಿದ, ಅವಳು ಮಿಸುಕಲಿಲ್ಲ. ಅಕ್ಕ ನನ್ನ ಕೈ ಹಿಚುಕಿದಳು. ಆಗ ಕ್ಷೌರಿಕರು ತಂಬಿಗೆ ಎತ್ತಿ ಬಿಂದುವಿನ ತಲೆಗೆ ನೀರು ಹಾಕಿದರು.

ನೀರು! ಬಾಚಣಿಗೆ, ಕತ್ತರಿ, ಸದ್ದು ಎಲ್ಲವನ್ನೂ ಆಡಿದ್ದೆವು. ಬೋಳಿಸುವ ಮುನ್ನ ತಲೆ ನೆನೆಸುತ್ತಾರೆ ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ.

ಬಿಂದು ಬಿಲ್ಲಿನಂತೆ ಬಾಗಿ ಚೀರಿದಳು. ಅಣ್ಣನ ತೋಳು ತಾನಾಗಿ ಬಿಗಿಯಿತು. "ಗಟ್ಟಿಯಾಗಿ ಹಿಡ್ಕೊಳ್ರಿ, ಎರಡೇ ನಿಮಿಷ" ಎಂದರು ಕ್ಷೌರಿಕರು. ಬೀಗರೆಲ್ಲ ಹತ್ತಿರ ಬಂದರು. ಯಾರೋ ಕಾಲು ಹಿಡಿಯಲು ಬಗ್ಗಿದರು.

"ಬಿಡಣ್ಣಾ" ಎಂದಳು ಅಕ್ಕ. ಅವನಿಗೆ ಕೇಳಿಸಲಿಲ್ಲವೇನೋ. "ಅವಳು ತಳ್ತಾ ಇದಾಳೆ, ನೋಡು. ಬಿಡು!"

ಅಣ್ಣ ತನ್ನ ಎದೆಯ ಮೇಲಿದ್ದ ಪುಟ್ಟ ಕೈ ನೋಡಿದ. ತೋಳು ಸಡಿಲಿಸಿದ. ಬಿಂದು ಓಡಿದ್ದು ಅಕ್ಕನ ಸೆರಗಿನೊಳಕ್ಕೆ.

ಅಣ್ಣ ಕೆಳಗೆ ಬಿದ್ದಿದ್ದ ಟವೆಲ್ ಹೊದ್ದುಕೊಂಡು ತಲೆ ಬಗ್ಗಿಸಿದ. "ನನಗೆ ಹಾಕ್ರಿ ನೀರು. ಅವಳು ನೋಡ್ಲಿ." ಒಂದು ತಂಬಿಗೆ, ಇನ್ನೊಂದು ತಂಬಿಗೆ. ಸೆರಗು ಅಲುಗಿತು. ಬಿಂದು ನಿಧಾನಕ್ಕೆ ಬಂದು ತಂಬಿಗೆಯನ್ನು ತಾನೇ ಕಸಿದುಕೊಂಡು ಮಾವನ ತಲೆಗೆ ಸುರಿಯತೊಡಗಿದಳು. ಕ್ಷೌರಿಕರು ಬೋಳಿಸುತ್ತಾ ಹೋದರು; ಅಣ್ಣನ ತಲೆ ಪೂರ್ತಿ ಬೋಳಾಗುವವರೆಗೂ ಅವಳು ನಿಲ್ಲಿಸಲಿಲ್ಲ. "ಕುರಿಗಳು ಸೇಡು ತೀರಿಸ್ಕೊಂಡ್ವು ನೋಡ್ರಿ" ಎಂದರು ಅಜ್ಜಿ. ಕುರಿ ಕಾಯುವವನೇ ಮೊದಲು ನಕ್ಕ.

ಅವಳ ತಲೆಗೆ ಕತ್ತಿ ತಾಗಲೇ ಇಲ್ಲ. ಇದು ಜವಳ ಆಯಿತೋ ಇಲ್ಲವೋ ಎಂದು ಬೀಗರಲ್ಲಿ ಚರ್ಚೆ ಎದ್ದಿತು. ಅಜ್ಜಿ ಆ ಒಂದು ಕುಚ್ಚನ್ನು ಎಲೆಯ ಮೇಲಿಟ್ಟು ಕೈಮುಗಿದರು. "ಕೂದ್ಲು ಕೊಟ್ಟೀವಿ. ಒಂದು ತಲೆನೂ ಬೋಳಾಗೈತೆ. ಯಾರ್ದು ಅಂತ ದೇವ್ರು ಕೇಳಾಕಿಲ್ಲ, ನೀವ್ಯಾಕೆ ಕೇಳ್ತೀರಿ? ನಡೀರಿ ಊಟಕ್ಕೆ."

ಬಿಂದುವಿಗೆ ಇನ್ನೂ ಮಾತು ಬಂದಿಲ್ಲ. ಜವಳ ಅರ್ಧವಾದದ್ದಕ್ಕೇ ಹೀಗೆ ಎನ್ನುವವರು ಈಗಲೂ ಇದ್ದಾರೆ. ಕಳೆದ ಭಾನುವಾರ ನಾನು ನ್ಯಾಮತಿಗೆ ಹೋದಾಗ ಅಕ್ಕ ಬಾಗಿಲಲ್ಲಿ ಕೂತಿದ್ದಳು. ಬಿಂದು ತಾನಾಗಿ ಬಂದು ಅವಳ ಮೊಣಕಾಲುಗಳ ನಡುವೆ ಕೂತಳು. ಅಕ್ಕ ಉಸಿರು ಬಿಗಿಹಿಡಿದು ಕೂದಲ ತುದಿಯಿಂದ ಬಾಚತೊಡಗಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಬಿಂದು ಅವಳ ಕೈ ತಳ್ಳಿ ಎದ್ದುಹೋದಳು.

"ಇವತ್ತಿಗೆ ಇಷ್ಟು ಸಾಕಂತೆ" ಎಂದು ಅಕ್ಕ ನಕ್ಕಳು, ಕಣ್ಣು ಒರೆಸಿಕೊಂಡಳು.

ಉಳಿದರ್ಧ ಯಾವಾಗ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಕೇಳಲಿಲ್ಲ.