ಫ್ಲಾಸ್ಕಕ್ಕ ಕ್ಯಾಮೆರಾ ಹೊರಗೆಳೆದ ದಿನ

ಆಪರೇಷನ್ ಕೋಣೆಯಲ್ಲಿ ಅವಳಿಗೆ ಫ್ಲಾಸ್ಕಕ್ಕ ಎಂದೇ ಹೆಸರು. ಹೊಟ್ಟೆಗೆ ಸಣ್ಣ ತೂತು ಮಾಡಿ, ಅದರಲ್ಲೊಂದು ಕೊಳವೆ ಕೂರಿಸಿ, ಅದರೊಳಗಿಂದ ಕ್ಯಾಮೆರಾ ಇಳಿಸುವ ಆಪರೇಷನ್‌ಗಳಲ್ಲಿ ಆ ಕ್ಯಾಮೆರಾ ಹಿಡಿಯುವ ನರ್ಸ್ ಅವಳು. ಹತ್ತೊಂಬತ್ತು ವರ್ಷಗಳಿಂದ ಬಿಸಿನೀರಿನ ಸ್ಟೀಲ್ ಫ್ಲಾಸ್ಕ್ ಅವಳ ಪಕ್ಕದಲ್ಲಿ ಇದ್ದೇ ಇರುತ್ತದೆ. ಕ್ಯಾಮೆರಾ ತುದಿಯ ತಣ್ಣನೆಯ ಗಾಜು ಬೆಚ್ಚನೆಯ ಹೊಟ್ಟೆಯೊಳಗೆ ಹೋದರೆ ಆವಿ ಕಟ್ಟದೆ ಇದ್ದೀತೇ? ಅದಕ್ಕೇ ಮೊದಲು ಬಿಸಿನೀರಲ್ಲಿ ಅದ್ದಬೇಕು.

ಬಾಯಿ ಮಾತ್ರ ಖಾರ. ಮನೆಯಲ್ಲಿ ಗಂಡ ಅಂಗಿಯ ತುದಿಯಿಂದ ಕನ್ನಡಕ ಒರೆಸಿಕೊಂಡರೂ ಬಿಡುವವಳಲ್ಲ. “ಮೊದ್ಲು ಆ ಅಂಗಿ ಒಗೀರಿ. ಅದರ ಜಿಡ್ಡೆಲ್ಲ ಗಾಜಿಗೇ ಮೆತ್ತುತ್ತೆ” ಎನ್ನುತ್ತಾಳೆ. ಗಂಡ ಪಾಪ, ಕನ್ನಡಕವಿಲ್ಲದೆಯೇ ಪೇಪರ್ ಓದಿದಂತೆ ನಟಿಸುತ್ತಾನೆ.

ದೊಡ್ಡ ಡಾಕ್ಟರಿಗೆ ಈ ಬಾಯಿ ಕಂಡರಾಗದು. ಕೈಚಳಕದಲ್ಲಿ ಅವರನ್ನು ಮೀರಿಸುವವರಿಲ್ಲ, ಆದರೆ ಅವಸರದ ಆಸಾಮಿ. ಹೋದ ವಾರವಷ್ಟೇ ಎಚ್ಚರಿಸಿದ್ದರು: “ಇನ್ನೊಂದು ಸಲ ಎದುರುತ್ತರ ಕೊಟ್ರೆ ಉಗ್ರಾಣದಲ್ಲಿ ಬಟ್ಟೆ ಎಣಿಸ್ತಾ ಕೂರ್ತೀರ, ಸಿಸ್ಟರ್.”

ಅಂದು ಬೆಳಿಗ್ಗೆ ಮೇಜಿನ ಮೇಲಿದ್ದವನು ಒಬ್ಬ ಬಸ್ ಡ್ರೈವರ್. ಅವನ ಪಿತ್ತಕೋಶ ತೆಗೆಯಬೇಕು. ಅದರ ಸಣ್ಣ ನಾಳಕ್ಕೆ ಕ್ಲಿಪ್ ಹಾಕಿ ಕತ್ತರಿಸಬೇಕು. ಪಕ್ಕದಲ್ಲೇ ಇರುವ ಮುಖ್ಯ ಪಿತ್ತನಾಳಕ್ಕೆ ಕತ್ತರಿ ಬಿದ್ದರೆ ಮನುಷ್ಯ ಜೀವಮಾನವಿಡೀ ನರಳಬೇಕು. ಸರಿಯಾಗಿ ಕ್ಲಿಪ್ ಹಾಕುವ ಹೊತ್ತಿಗೇ ಕ್ಯಾಮೆರಾದ ಚಿತ್ರ ತೋರಿಸುವ ಪರದೆ ಮಸುಕಾಯಿತು. ಅವಳು ಕ್ಯಾಮೆರಾ ತೆಗೆದು, ಅದ್ದಿ, ಒರೆಸಿ, ಇಳಿಸಿದಳು. ಮತ್ತೆ ಮಸುಕು. ಮತ್ತೆ ಒರೆಸಿದಳು. ಮತ್ತೆ ಅದೇ ಕಥೆ.

“ಸಾಕು ಬಿಡಿ, ನನಗೆ ಅಂದಾಜಿದೆ. ಕ್ಲಿಪ್ ಕೊಡಿ” ಎಂದರು ಡಾಕ್ಟರು, ಇಕ್ಕಳದಲ್ಲಿ ನಾಳ ಹಿಡಿದುಕೊಂಡೇ.

ಅಂದಾಜಂತೆ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕ್ಯಾಮೆರಾವನ್ನು ಪೂರ್ತಿ ಹೊರಗೆಳೆದುಬಿಟ್ಟಳು. ಪರದೆಯ ಮೇಲೆ ಈಗ ಚಾವಣಿಯ ದೀಪ ಕಾಣುತ್ತಿತ್ತು.

“ತೆಗೀರಿ ಅಂತ ಯಾರು ಹೇಳಿದ್ದು?”

“ಯಾರೂ ಹೇಳಿಲ್ಲ. ನೀವು ಕೈ ಅಲ್ಲಾಡಿಸಬೇಡಿ ಡಾಕ್ಟ್ರೇ. ಕೊಳವೆಯೊಳಗೇ ರಕ್ತ ಮೆತ್ತಿದೆ. ಅದನ್ನ ಬಿಟ್ಟು ಗಾಜು ನೂರು ಸಲ ಒರೆಸಿದ್ರೂ ಅಷ್ಟೇ.”

“ಉಗ್ರಾಣ ನೆನಪಿದೆ ತಾನೇ?”

“ಚೆನ್ನಾಗಿ ನೆನಪಿದೆ. ನಾಳೆ ಕಳಿಸಿ. ಇವತ್ತು ಇವರ ಹೊಟ್ಟೇಲಿ ಅಂದಾಜು ನಡೆಯಲ್ಲ.”

ಅರಿವಳಿಕೆಯ ಡಾಕ್ಟರು ಸುಮ್ಮನೆ ಕೆಮ್ಮಿದರು. ಅವಳು ಕಡ್ಡಿಗೆ ಬಟ್ಟೆ ಸುತ್ತಿ ಕೊಳವೆಯೊಳಗೆ ತಿರುಗಿಸಿದಳು. ಕೆಂಪಗೆ ಹೊರಬಂತು. ಎರಡನೆಯದೂ ಕೆಂಪು. ಮೂರನೆಯದು ಬೆಳ್ಳಗೆ ಬಂದ ಮೇಲೆ ಕ್ಯಾಮೆರಾ ಇಳಿಸಿದಳು.

ಪರದೆಯ ಮೇಲೆ ಎಲ್ಲ ಸ್ಪಷ್ಟವಾಗಿ ಕಂಡಿತು. ಡಾಕ್ಟರು ಇಕ್ಕಳದಲ್ಲಿ ಹಿಡಿದಿದ್ದದ್ದು ಸಣ್ಣ ನಾಳವಲ್ಲ, ಮುಖ್ಯ ನಾಳ. ಡಾಕ್ಟರು ಮೆಲ್ಲನೆ ಇಕ್ಕಳ ಸಡಿಲಿಸಿದರು.

ಕೆಲಸ ಮುಗಿಸಿ ಕೈಗವಸು ಕಳಚುತ್ತಾ ಅವರೆಂದರು: “ಎಲ್ಲರೆದುರು ಹಾಗೆ ಮಾಡಬಾರದಿತ್ತು.”

“ಪರದೆ ಮಸುಕಾಗಿದ್ದೂ ಎಲ್ಲರೆದುರೇ ಡಾಕ್ಟ್ರೇ.”

ಮರುದಿನ ಗುಮಾಸ್ತ ಅವಳನ್ನು ಉಗ್ರಾಣಕ್ಕೆ ಹಾಕುವ ವರ್ಗಾವಣೆಯ ಹಾಳೆ ಹಿಡಿದು ಬಂದ. ‘ಕಾರಣ’ ಎಂಬಲ್ಲಿ ಏನೂ ಬರೆದಿರಲಿಲ್ಲ. ಅವಳು ಫ್ಲಾಸ್ಕಿಗೆ ನೀರು ತುಂಬಿಸುತ್ತಿದ್ದವಳು ತಲೆಯೆತ್ತಿ, ಹಾಳೆಯನ್ನು ಅವನ ಕೈಗೇ ವಾಪಸ್ ಕೊಟ್ಟಳು.

“ದೊಡ್ಡ ಡಾಕ್ಟ್ರಿಗೆ ಹೇಳಪ್ಪಾ, ಕಾರಣ ತುಂಬಲಿ. ನಿನ್ನೆ ಪರದೇಲಿ ಏನು ಕಾಣಿಸ್ತು ಅಂತಾನೂ ಬರೀಲಿ. ಬರೆದ ಕೂಡಲೇ ಹೋಗ್ತೀನಿ.”

ಆ ಹಾಳೆ ಇನ್ನೂ ತಿರುಗಿ ಬಂದಿಲ್ಲ. ಅವಳು ಇನ್ನೂ ಅಲ್ಲೇ ಕ್ಯಾಮೆರಾ ಹಿಡಿಯುತ್ತಿದ್ದಾಳೆ.