ನೋವೆಂದ ಕಡೆಯೆಲ್ಲ ಉಜ್ಜಬಾರದು

ಆ ಬೀದಿಯಲ್ಲಿ ಅರವತ್ತು ದಾಟಿದವರು ಯಾರಾದರೂ ಬಾಯ್ತುಂಬ ನಕ್ಕರೆ ಆ ನಗುವಿನಲ್ಲಿ ಹಲ್ಲಿನಕ್ಕನ ಪಾಲಿದೆ ಎಂದೇ ಲೆಕ್ಕ. ಬಟ್ಟೆ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಅವಳು ಹಲ್ಲಿನ ಸೆಟ್ಟು ಮಾಡುತ್ತಾಳೆ. ಮುಂದಿನ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಕನ್ನಡಿ. ಹಿಂದಿನದರಲ್ಲಿ ಮೇಣ, ಪ್ಲಾಸ್ಟರಿನ ಅಚ್ಚು, ಉಜ್ಜುವ ಮಿಷನ್ನು. ಕಪಾಟಿನ ತುಂಬ ಬಾಯಿಗಳಿದ್ದರೂ ಒಂದೂ ಮಾತಾಡುವುದಿಲ್ಲ. ದಿನವಿಡೀ ಗಿರಾಕಿಗಳ ಪುರಾಣ ಕೇಳುವವಳಿಗೆ ಅದೇ ದೊಡ್ಡ ಸಮಾಧಾನ.

ಕೆಲಸ ಕಲಿಸಿದ ಹಿರಿಯರು ಅವಳಿಗೆ ಒಂದು ನಿಯಮ ಹೇಳಿಕೊಟ್ಟಿದ್ದರು. ಹೊಸ ಸೆಟ್ಟು ಒತ್ತುತ್ತದೆ ಎಂದು ಗಿರಾಕಿ ಬೆರಳಿಟ್ಟು ತೋರಿಸಿದ ಜಾಗವನ್ನು ಮುಟ್ಟಬಾರದು. ಒಳಮೈಗೆ ಬಿಳಿ ಪೇಸ್ಟು ಸವರಿ ಕಚ್ಚಿಸಬೇಕು, ಪೇಸ್ಟು ಎಲ್ಲಿ ಅಳಿಸಿಹೋಗಿರುತ್ತದೋ ನಿಜವಾಗಿ ಒತ್ತುವುದು ಅಲ್ಲೇ, ಅಲ್ಲಿ ಮಾತ್ರ ಉಜ್ಜಬೇಕು. ಪಾಪ ಎಂದು ತೋರಿಸಿದಲ್ಲೆಲ್ಲ ಉಜ್ಜಿದರೆ ನೋವೂ ಹೋಗುವುದಿಲ್ಲ, ಸೆಟ್ಟೂ ನಿಲ್ಲುವುದಿಲ್ಲ.

ಅವಳಿಗೆ ಒಬ್ಬನೇ ತಮ್ಮ. ಲಿಫ್ಟ್ ರಿಪೇರಿಯಲ್ಲಿ ಪಳಗಿದ ಕೈ, ಮಾತಿನಲ್ಲಿ ಬೆಣ್ಣೆ. ಆರು ವರ್ಷಗಳಿಂದ ಮೊಬೈಲಿನಲ್ಲಿ ದುಡ್ಡು ಕಟ್ಟಿ ಇಸ್ಪೀಟು ಆಡುತ್ತಿದ್ದ. ಮೂರು ಸಲ ಅವನ ಸಾಲ ತೀರಿಸಿದ್ದು ಅಕ್ಕನೇ. ಅವನು ಕೆಲಸಕ್ಕೆ ಚಕ್ಕರ್ ಹೊಡೆದಾಗ ಮಾಲೀಕನಿಗೆ ಫೋನು ಮಾಡಿ ಸುಳ್ಳು ಹೇಳುವವಳೂ ಅವಳೇ. ಒಂದೇ ವರ್ಷದಲ್ಲಿ ಅವನಿಗೆ ಮೂರು ಸಲ ಕಾಮಾಲೆ ಬರಿಸಿದ್ದಳು. ಮಾಲೀಕ ಪುಣ್ಯಾತ್ಮ, ನಂಬಿದನೋ, ನಂಬಿದಂತೆ ನಟಿಸಿದನೋ.

ಒಂದು ಸೋಮವಾರ ತಮ್ಮ ಬೆಳಿಗ್ಗೆಯೇ ಕಾಗದ ಹಿಡಿದು ಬಂದ. ಇದೇ ಕೊನೆಯ ಸಾಲ, ಅವಳ ಮಿಷನ್ನುಗಳ ಮೇಲೆ ಜಾಮೀನು, ಒಂದು ಸಹಿ ಹಾಕಿದರೆ ಸಾಕು ಎಂದು ಕಣ್ಣೀರಿಟ್ಟ. ಶುಕ್ರವಾರದವರೆಗೆ ಸಮಯ ಕೇಳಿ ಅವಳು ಅವನನ್ನು ಕಳಿಸಿದಳು. ಅವನ ಬೆನ್ನಿಗೇ ಟೀಚರಮ್ಮ ಬಂದರು. ನಿವೃತ್ತರಾದರೂ ಯಾರನ್ನು ಕಂಡರೂ ಪಾಠ ಮಾಡುವ ಅಭ್ಯಾಸ ಬಿಟ್ಟವರಲ್ಲ. ಹೊಸ ಸೆಟ್ಟು ನೋಯುತ್ತದೆ ಎಂದು ಕೆಳವಸಡಿನ ಬಲಗಡೆ ತೋರಿಸಿದರು. ತಲೆಯ ತುಂಬ ತಮ್ಮನ ಅಳುವೇ ಇದ್ದುದರಿಂದ ಹಲ್ಲಿನಕ್ಕ ಪೇಸ್ಟು ಸವರುವುದನ್ನೇ ಮರೆತಳು. ಅವರು ತೋರಿಸಿದಲ್ಲೇ ಉಜ್ಜಿದಳು. ಇನ್ನೂ ನೋವು ಎಂದರು, ಇನ್ನೂ ಉಜ್ಜಿದಳು.

ಗುರುವಾರ ಟೀಚರಮ್ಮ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ಅಳಿಯನಿಗೆ ಬುದ್ಧಿ ಹೇಳುತ್ತಿದ್ದಾಗ ಅದು ಕಳಚಿ ಅವನ ಕಾಫಿ ಲೋಟಕ್ಕೇ ಬಿದ್ದಿತ್ತಂತೆ. ಮದುವೆಯಾದ ಮೇಲೆ ಅಳಿಯ ಅಷ್ಟು ಖುಷಿಯಾಗಿ ನಕ್ಕಿದ್ದು ಅದೇ ಮೊದಲಂತೆ. ಹೇಳುತ್ತ ಅವರೂ ನಕ್ಕರು, ಆಮೇಲೆ ಒಂದು ಮಾತು ಕೇಳಿದರು.

"ನಾನು ತೋರಿಸಿದ ಕಡೆ ಯಾಕಮ್ಮ ಉಜ್ಜಿದೆ? ನೋವು ಎಲ್ಲಿಂದ ಬರುತ್ತೆ ಅಂತ ನನಗೇನು ಗೊತ್ತು? ಅದು ನಿನಗೆ ತಾನೆ ಗೊತ್ತಿರಬೇಕು?"

ಅವಳು ಹೊಸ ಸೆಟ್ಟು ಪುಕ್ಕಟೆ ಮಾಡಿಕೊಡುತ್ತೇನೆಂದು ಒಪ್ಪಿ, ಅವರು ಹೋದ ಮೇಲೆ ಕೋಣೆಯಲ್ಲಿ ಒಬ್ಬಳೇ ಕುಳಿತಳು. ಆರು ವರ್ಷದಿಂದ ತಮ್ಮ ಬೆರಳಿಟ್ಟಲ್ಲೆಲ್ಲ ತಾನು ಉಜ್ಜುತ್ತ ಬಂದದ್ದು ಅವಳಿಗೆ ಆಗ ತಿಳಿಯಿತು. ಅವನು ಸಾಲ ಎಂದು ತೋರಿಸಿದ್ದ. ರೋಗ ಇದ್ದದ್ದು ಆಟದಲ್ಲಿ.

ಶುಕ್ರವಾರ ಅವನು ಬಂದು ಚಾಚಿದ ಕಾಗದವನ್ನು ಅವಳು ಅವನ ಕೈಗೇ ತಿರುಗಿಸಿ ಕೊಟ್ಟಳು.

"ಸಹಿ ಹಾಕಲ್ಲ ಕಣೋ. ಮಾಲೀಕರಿಗೆ ಸುಳ್ಳೂ ಹೇಳಲ್ಲ. ಆಟದ ಚಟ ಬಿಡಿಸೋ ಆಸ್ಪತ್ರೆಗೆ ಬರ್ತೀಯಾ ಅಂದ್ರೆ, ಕೆಲಸ ಬಿಟ್ಟು ಜೊತೆಗೆ ಬರ್ತೀನಿ."

"ನನಗೆ ಅಕ್ಕ ಇಲ್ಲ ಅಂದ್ಕೋತೀನಿ ಬಿಡು," ಎಂದು ಅವನು ಕಾಗದ ಮಡಚಿಕೊಂಡು ಹೋದ.

ಅವನು ಏನಾದರೂ ಮಾಡಿಕೊಂಡರೆ ಎಂಬ ಭಯಕ್ಕೆ ಅವಳಿಗೆ ಅನ್ನ ಇಳಿಯಲಿಲ್ಲ. ಅವನ ಜೊತೆಗಾರ ಮೆಕ್ಯಾನಿಕ್ಕಿಗೆ ಫೋನು ಮಾಡಿ ಒಂದು ಕಣ್ಣಿಟ್ಟಿರಲು ಬೇಡಿಕೊಂಡಳು. ಮೂರನೆಯ ದಿನ ತಾನೊಬ್ಬಳೇ ಆಸ್ಪತ್ರೆಯ ಸಲಹೆಗಾರ್ತಿಯ ಮುಂದೆ ಹೋಗಿ ಕುಳಿತಳು. ತಮ್ಮನ ಕಥೆ ಶುರು ಮಾಡುವಷ್ಟರಲ್ಲಿ ಆಕೆ ತಡೆದು, ಮೊದಲು ನಿಮ್ಮ ವಿಷಯ ಹೇಳಿ, ನಿಮಗೆ ನಿದ್ದೆ ಬರುತ್ತಾ ಎಂದು ಕೇಳಿದರು. ಆರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಹಲ್ಲಿನಕ್ಕ ಅಲ್ಲೇ ಮನಸಾರೆ ಅತ್ತಳು. ಇವತ್ತಿಗೂ ಆ ಹೆಂಗಸಿನ ಮಾತು ಬಂದರೆ ಅವಳು ಮನಸ್ಸಿನಲ್ಲೇ ಕೈಮುಗಿಯುತ್ತಾಳೆ. ಆಕೆ ಹೇಳಿದಂತೆ ತಮ್ಮನ ಹತ್ತಿರ ಇದ್ದ ಅಂಗಡಿಯ ಬೀಗದ ಕೈ ಮರಳಿ ಕೇಳದೆ ಬೀಗವನ್ನೇ ಬದಲಾಯಿಸಿದಳು. ಬ್ಯಾಂಕಿನ ತನ್ನ ಖಾತೆಯಿಂದ ಅವನ ಹೆಸರು ತೆಗೆಸಿದಳು. ವಾರಕ್ಕೊಂದು ದಿನ ತನಗಾಗಿ ಈಜು ಕಲಿಯಲು ಹೋದಳು, ಐವತ್ತರ ಹತ್ತಿರದಲ್ಲಿ, ನಾಚಿಕೆ ಬಿಟ್ಟು. ತಮ್ಮನಿಗೆ ಪ್ರತಿ ಭಾನುವಾರ ಒಂದೇ ಸಂದೇಶ: ಆಸ್ಪತ್ರೆಗೆ ಯಾವಾಗ ಹೋಗೋಣ ಹೇಳು.

ಆರನೆಯ ಭಾನುವಾರ ಉತ್ತರ ಬಂತು: "ನಾಳೆ." ಹೋದರು. ಅಲ್ಲಿಂದ ಮುಂದೆ ಪ್ರತಿ ಸೋಮವಾರ ಹೋದರು. ಸಾಲವನ್ನು ಅವನೇ ಸಂಬಳದಿಂದ ಕಟ್ಟತೊಡಗಿದ. ನಾಲ್ಕು ತಿಂಗಳು ಸಲೀಸಾಗಿ ಕಳೆದವು.

ಐದನೆಯ ತಿಂಗಳ ಒಂದು ಮಧ್ಯಾಹ್ನ ಅವನು ಅಂಗಡಿಯ ಬಾಗಿಲಲ್ಲಿ ಬಂದು ನಿಂತ. ಅವನ ಮುಖ ನೋಡಿದವಳೇ ಅವಳು ಮಿಷನ್ನು ನಿಲ್ಲಿಸಿದಳು. ದುಡ್ಡು ಕೇಳಲು ಬಂದಿದ್ದಾನೆ, ಮತ್ತೆ ಇಲ್ಲ ಅನ್ನಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

"ನಿನ್ನೆ ಆಡ್ಬಿಟ್ಟೆ ಅಕ್ಕಾ," ಎಂದ. "ದುಡ್ಡು ಕೇಳೋಕೆ ಬಂದಿಲ್ಲ. ನಿನಗೆ ಹೇಳ್ಬೇಕು ಅನ್ನಿಸ್ತು, ಅಷ್ಟೆ."

ಅವಳು ಕೈ ಒರೆಸಿಕೊಂಡು ಎದ್ದಳು. ಬೈಯಬಹುದಿತ್ತು, ಅಳಬಹುದಿತ್ತು. ಆರು ವರ್ಷ ಅವನ ಜೇಬು ತಡಕಿ, ಫೋನು ಕದ್ದು ನೋಡಿ, ಅವರಿವರನ್ನು ಕೇಳಿ ತಿಳಿಯುತ್ತಿದ್ದ ನಿಜವನ್ನು ಇವತ್ತು ಅವನೇ ಬಸ್ಸು ಹತ್ತಿ ಬಂದು ಹೇಳಿದ್ದ.

"ಹೇಳಿದ್ಯಲ್ಲ, ದೊಡ್ಡ ಉಪಕಾರ ಮಾಡ್ದೆ ಕಣೋ," ಎಂದಳು.

ಸೋಮವಾರದವರೆಗೆ ಕಾಯದೆ ಈಗಲೇ ಆಸ್ಪತ್ರೆಗೆ ಹೋಗುತ್ತೇನೆ ಎಂದ. ಅವಳು ಚಪ್ಪಲಿ ಹುಡುಕಿದಳು. ಬೇಡಕ್ಕ, ಒಬ್ಬನೇ ಹೋಗಿ ಬರ್ತೀನಿ ಎಂದು ಅವನು ರಸ್ತೆ ದಾಟಿದ.