ಪಟ್ಟಿಯಲ್ಲಿ ಸಿಕ್ಕಿದ ಶಿವಣ್ಣ

"ಮಾವ, ಈ 'ಶಿವಣ್ಣ-ಪಿಸಿ' ಯಾರ್ದು?"

ಭಾನುವಾರ ಬೆಳಗ್ಗೆ ನನ್ನ ಕಂಪ್ಯೂಟರ್ ಮುಂದೆ ಕೂತ ಭಾಗ್ಯ ಹೀಗೆ ಕೇಳಿದಾಗ ಕಾಫಿ ಲೋಟ ಕೈಯಲ್ಲೇ ನಿಂತಿತು. ಭಾಗ್ಯ ನನ್ನ ಅಕ್ಕನ ಮಗಳು. ತರೀಕೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ಕಡೂರಿಗೆ ಬಂದಾಗಲೆಲ್ಲ ನನ್ನ ಮಷೀನಿನ ಆರೋಗ್ಯ ವಿಚಾರಿಸಿ, ನನಗೆ ನಾಲ್ಕು ಬೈದು ಹೋಗುವುದು ಅವಳ ಪದ್ಧತಿ.

ಪರದೆಯ ಮೇಲೆ 'ನೆಟ್‌ವರ್ಕ್' ಅಂತ ಒಂದು ಪಟ್ಟಿ. ಮೊದಲು ನನ್ನ ಕಂಪ್ಯೂಟರ್, ಅದರ ಕೆಳಗೇ ಶಿವಣ್ಣನದು. ನಾವಿಬ್ಬರೂ ಅಷ್ಟು ಹತ್ತಿರ ಕೂತು ಎಂಟು ವರ್ಷವಾಗಿತ್ತು!

ಶಿವಣ್ಣ ಪಕ್ಕದ ಮನೆಯವನು. ಗೋಲಿ ಆಡಿದ ಕಾಲದ ಗೆಳೆಯ. ಅಜ್ಜಂಪುರದ ಸ್ಕೂಲೊಂದರಲ್ಲಿ ಗುಮಾಸ್ತನಾಗಿದ್ದು ರಿಟೈರ್ ಆದವನು. ನಮ್ಮೆರಡು ಮನೆಗೂ ಒಂದೇ ನಡುಗೋಡೆ, ಅದರಲ್ಲೊಂದು ಕಿಂಡಿ. ನಮ್ಮ ಅಪ್ಪಂದಿರು ಬೇಕೆಂದೇ ಬಿಡಿಸಿದ್ದು. ಹೆಪ್ಪಿಗೆ ಮಜ್ಜಿಗೆ, ಬಿಸಿ ರೊಟ್ಟಿ, ಓದಿ ಮುಗಿದ ಪೇಪರ್, ಉಳಿ, ಸುತ್ತಿಗೆ ಎಲ್ಲ ಅಲ್ಲಿಂದಲೇ ಓಡಾಡುತ್ತಿದ್ದವು. "ಏನ್ ಸಾರೋ ಇವತ್ತು?" ಅಂತ ಆ ಕಡೆಯಿಂದ ದನಿ ಬಂದರೆ ಊಟದ ಹೊತ್ತಾಯಿತೆಂದೇ ಲೆಕ್ಕ. ಪಾಸ್‌ವರ್ಡ್ ಇತ್ತೇ? ಕಿಂಡಿಗೊಂದು ಬಾಗಿಲೂ ಇರಲಿಲ್ಲ.

ಎಂಟು ವರ್ಷದ ಹಿಂದೆ ನಮ್ಮ ನಾಲ್ಕು ಹೆಂಚು ಒಡೆದವು. ಶಿವಣ್ಣನ ಹಿತ್ತಲ ತೆಂಗಿನಮರ ನಮ್ಮ ಸೂರಿನ ಕಡೆಗೆ ಬಾಗಿತ್ತಲ್ಲ, ಅದರ ಕಾಯಿ ಬಿದ್ದೇ ಒಡೆದವೆಂದು ಬೀದಿಯಲ್ಲಿ ನಿಂತು ಕೂಗಾಡಿದೆ. ಅವನು ಮರುದಿನ ಮರ ಕಡಿಸಿಬಿಟ್ಟ. ಅವನ ಅಪ್ಪ ನೆಟ್ಟ ಮರ. ನಾನೂ ಬಿಡಲಿಲ್ಲ, ಕಿಂಡಿಗೆ ಇಟ್ಟಿಗೆ ತುಂಬಿಸಿ ಸಿಮೆಂಟ್ ಮೆತ್ತಿಸಿದೆ. ಅಲ್ಲಿಗೆ ಮಾತು ಬಂದ್.

ತಿಂಗಳು ಕಳೆದಿಲ್ಲ, ಮತ್ತೆರಡು ಹೆಂಚು ಹೋದವು. ಮರವಿಲ್ಲ, ಕಾಯಿಯಿಲ್ಲ! ಹೊರಗೆ ಬಂದು ನೋಡಿದರೆ ಸೂರಿನ ಮೇಲೆ ಒಂದು ಕೋತಿ, ಹೆಂಚು ಎತ್ತಿ ಒಳಗೆ ಇಣುಕುತ್ತಿದೆ.

ಆಗಲೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. (ವಾರವಾರ ಪತ್ರಿಕೆಯ ಅಂಕಣದಲ್ಲಿ ಊರಿಗೆಲ್ಲ ಬುದ್ಧಿ ಹೇಳುವವನಿಗೆ ಪಕ್ಕದ ಮನೆಗೆ ಹೋಗಿ ತಪ್ಪಾಯ್ತು ಅನ್ನಲು ನಾಲಿಗೆ ಬರಬೇಕಲ್ಲ!) ಬದಲಿಗೆ ಅದನ್ನೇ ಒಂದು ಅಂಕಣ ಮಾಡಿ 'ಕೋತಿ' ಅಂತ ಹೆಸರಿಟ್ಟೆ. ಪತ್ರಿಕೆಗೆ ಕಳಿಸುವ ಧೈರ್ಯವಾಗದೆ ಫೋಲ್ಡರಿನಲ್ಲೇ ಬಿಟ್ಟೆ.

"ಅವ್ರಿಗೆ ನಿಮ್ ವೈಫೈ ಹೆಂಗ್ ಸಿಕ್ತು ಮಾವ?" ಭಾಗ್ಯಳ ವಿಚಾರಣೆ.

ಉತ್ತರ ಅಡುಗೆಮನೆಯಿಂದ ಬಂತು, ನನ್ನ ಹೆಂಡತಿ ಸುಮಾಳದು. "ನಾನೇ ಕೊಟ್ಟೆ ಕಣೇ. ಶಿವಣ್ಣನ ಹೆಂಡ್ತಿ ಗಿರಿಜಕ್ಕ ಕೇಳಿದ್ರು. ಈ ಗಂಡಸ್ರ ಜಗಳಕ್ಕೂ ವೈಫೈಗೂ ಏನ್ ಸಂಬಂಧ?"

"ಅಯ್ಯೋ ಅತ್ತೆ! ಮಾವ ಬರ್ದಿರೋದೆಲ್ಲ ಶೇರಿಂಗಲ್ಲಿದೆ. ಆ ಮನೇಲಿ ಕೂತು ಓದ್ಬೋದು, ಬೇಕಾದ್ರೆ ಬರೀಲೂಬೋದು."

"ಆ 'ಕೋತಿ' ಫೈಲ್ ಮೊದ್ಲು ನೋಡಮ್ಮ" ಅಂದೆ.

ಅವಳು ಒತ್ತಿದಳು. ಫೈಲ್ ಈಗ ಬೇರೆಯವರ ಬಳಕೆಯಲ್ಲಿದೆ ಎಂದು ಕಂಪ್ಯೂಟರ್ ಹೇಳಿತು.

"ಮಾವ, ಈಗ್ಲೇ ಆ ಮನೇಲಿ ಯಾರೋ ಇದನ್ನ ತೆಗ್ದಿದ್ದಾರೆ."

ಒಂದೇ ಗೋಡೆ. ಆ ಕಡೆ ಅವನು, ಈ ಕಡೆ ನಾನು. ಏನು ಓದುತ್ತಿದ್ದಾನೋ, ಯಾವ ಸಾಲಿನಲ್ಲಿ ಹಲ್ಲು ಕಡಿಯುತ್ತಿದ್ದಾನೋ? ಹತ್ತು ನಿಮಿಷ ಕಳೆದ ಮೇಲೆ ಫೈಲ್ ತೆರೆಯಿತು. ಕೊನೆಯಲ್ಲಿ ನಾನು ಬರೆಯದ ಎರಡು ಸಾಲಿದ್ದವು.

"ಆ ಕೋತೀನ ನಾನೂ ನೋಡ್ದೆ ಕಣೋ. ನೀನಾಗೇ ಬಂದು ಹೇಳ್ಲಿ ಅಂತ ಎಂಟ್ ವರ್ಷದಿಂದ ಕಾಯ್ತಾ ಇದೀನಿ."

ಕಣ್ಣು ಮಂಜಾಯಿತು. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ಶೇರಿಂಗ್ ಬಂದ್ ಮಾಡ್ಲಾ ಮಾವ?"

"ಮಾಡಮ್ಮ" ಅಂದೆ. ಇದನ್ನು ಫೈಲಿನಲ್ಲಿ ಹೇಳಿ ಮುಗಿಸುವ ಹಾಗಿಲ್ಲ. ಮೊದಲು ಆ ಸಿಮೆಂಟ್ ಒಡೆಯಬೇಕು. ಸುತ್ತಿಗೆ ಸಿಕ್ಕಿತು, ಉಳಿ ಎಲ್ಲೂ ಇಲ್ಲ. ಸುಮಾ ನೆನಪಿಸಿದಳು, ಜಗಳದ ಹಿಂದಿನ ದಿನ ಅದು ಅದೇ ಕಿಂಡಿಯಿಂದ ಶಿವಣ್ಣನ ಮನೆಗೆ ಹೋಗಿತ್ತಂತೆ.

ಇಷ್ಟು ಬರೆದು ಚಪ್ಪಲಿ ಮೆಟ್ಟುತ್ತಿದ್ದೇನೆ. ಕಿಂಡಿ ತೆಗೆಯುವ ಉಳಿ ಅವನ ಮನೆಯಲ್ಲಿರುವಾಗ, ಬಾಗಿಲು ತಟ್ಟದೆ ಬೇರೆ ದಾರಿಯಾದರೂ ಎಲ್ಲಿದೆ?